ಆನ್‌ಲೈನ್ ಸಿಡಿಇ ಮಾಡಿದವರು ಹೇಳಿ: ಏನಾದರೂ ಕಲಿಯಬಹುದಾ, ಬರೀ ಸರ್ಟಿಫಿಕೇಟಾ?

ಗೋಣಿಕೊಪ್ಪ_ಕ್ಲಿನಿಕ್
ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಡೆಂಟಲ್ ಕ್ಲಿನಿಕ್ ಇದೆ. ಒಂದೇ ಚೇರು, ಒಬ್ಬಳು ಅಸಿಸ್ಟೆಂಟ್. ರಿಜಿಸ್ಟ್ರೇಷನ್ ರಿನ್ಯೂವಲ್ ಹತ್ತಿರ ಬರುತ್ತಿದೆ, ಸಿಡಿಇ, ಅಂದರೆ ಪದವಿ ನಂತರವೂ ಮಾಡಬೇಕಾದ ಡೆಂಟಲ್ ಕಲಿಕೆಯ ಪಾಯಿಂಟ್ಸ್ ಸಾಲುತ್ತಿಲ್ಲ. ಬೆಂಗಳೂರಿಗೆ ಹೋಗಿ ವರ್ಕ್‌ಶಾಪ್ ಮಾಡಬೇಕೆಂದರೆ ಕ್ಲಿನಿಕ್ ಬಾಗಿಲು ಹಾಕಬೇಕು. ನಮ್ಮ ಜಿಲ್ಲೆಗೆ ರೈಲಂತೂ ಇಲ್ಲ, ಹುಣಸೂರು, ಮೈಸೂರು ದಾಟಿಕೊಂಡು ಬಸ್ಸಿನಲ್ಲೇ ಹೋಗಬೇಕು, ಮೇಲೆ ಲಾಡ್ಜು, ಊಟ, ಫೀಸು. ಇತ್ತ ಫೋನ್ ತೆಗೆದರೆ ಸಾಕು, ಮನೆಯಲ್ಲೇ ಕೂತು ರೂಟ್ ಕೆನಾಲ್ ಮಾಸ್ಟರ್ ಆಗಿ, ವಾರದಲ್ಲಿ ಇಂಪ್ಲಾಂಟ್ ಕಲಿಯಿರಿ, ಫೆಲೋಶಿಪ್ ಪಡೆಯಿರಿ ಅಂತ ಜಾಹೀರಾತು. ನಿಜವಾಗಿ ಮಾಡಿದವರು ಹೇಳಿ. ಯಾವುದು ಆನ್‌ಲೈನಿನಲ್ಲಿ ತಲೆಗೆ ಹತ್ತುತ್ತದೆ, ಯಾವುದಕ್ಕೆ ಬಸ್ಸು ಹತ್ತಲೇಬೇಕು?

ಮಳೆ_ಮಡಿಕೇರಿ
ಮೊದಲು ಕರೆಂಟ್ ಇದೆಯಾ ನೋಡಿ ಸ್ವಾಮಿ. ಜುಲೈಯಲ್ಲಿ ವೆಬಿನಾರ್‌ಗೆ ದುಡ್ಡು ಕಟ್ಟುವವರ ಧೈರ್ಯ ಮೆಚ್ಚಬೇಕು 😄

ಪೆರಿಯೋ_ಮೇಡಂ
ಆನ್‌ಲೈನ್ ಅಂದ ಕೂಡಲೇ ಮೂಗು ಮುರಿಯುವವರು ಜಾಸ್ತಿ, ಅದಕ್ಕೆ ನಾನೇ ಮೊದಲು ಪರವಾಗಿ ಮಾತಾಡುತ್ತೇನೆ.

ವಸಡಿನ ಕಾಯಿಲೆಯ ವರ್ಗೀಕರಣವನ್ನೇ ತೆಗೆದುಕೊಳ್ಳಿ. ನಮ್ಮ ಕಾಲದವರೆಲ್ಲ ಓದಿದ್ದು 1999ರದ್ದು. ಕ್ರಾನಿಕ್, ಅಗ್ರೆಸ್ಸಿವ್ ಅಂತ ಬರೆದು ಪಾಸಾಗಿ ಬಂದೆವು. 2018ರಲ್ಲಿ ಅದು ಪೂರ್ತಿ ಬದಲಾಯಿತು. ಈಗ ಸ್ಟೇಜ್ ಒಂದರಿಂದ ನಾಲ್ಕು, ಗ್ರೇಡ್ ಎ, ಬಿ, ಸಿ. ಸ್ಟೇಜ್ ಅಂದರೆ ಎಷ್ಟು ಹಾಳಾಗಿದೆ, ಗ್ರೇಡ್ ಅಂದರೆ ಎಷ್ಟು ಬೇಗ ಹಾಳಾಗುತ್ತಿದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7ಕ್ಕೆ ಮುಟ್ಟಿದರೆ ನೇರ ಗ್ರೇಡ್ ಸಿ. ದಿನಕ್ಕೆ 10 ಸಿಗರೇಟು ಅಥವಾ ಜಾಸ್ತಿ ಸೇದುವವರೂ ಅಲ್ಲೇ. ಇದನ್ನು ಕಲಿಯಲು ಬೆಂಗಳೂರಿನ ಹೋಟೆಲ್ ಹಾಲಿನಲ್ಲಿ ಕೂರಬೇಕಾ? ನಾನು ರಾತ್ರಿ ಊಟ ಆದ ಮೇಲೆ ಕೂತು ಕಲಿತೆ, ಅರ್ಥವಾಗದ ಕಡೆ ಹಿಂದೆ ಹೋಗಿ ಮತ್ತೆ ನೋಡಿದೆ. ಹಾಲಿನಲ್ಲಿ ಭಾಷಣ ಮಾಡುವವರನ್ನು ಹಿಂದಕ್ಕೆ ತಿರುಗಿಸಲು ಆಗಲ್ಲ ಅಲ್ವಾ.

ಕಲಿತ ಮೇಲೆ ಬಂದ ಬದಲಾವಣೆ ಇಷ್ಟೇ: ಶುಗರ್ ಇರುವ ಪೇಷಂಟ್ ಬಂದರೆ ಈಗ ಹಳೇ ರಿಪೋರ್ಟ್ ತೋರಿಸಿ ಅಂತ ಮೊದಲೇ ಕೇಳುತ್ತೇನೆ. ಮೊದಲು "ಶುಗರ್ ಇದೆಯಾ? ಕಂಟ್ರೋಲ್‌ನಲ್ಲಿದೆಯಾ?" ಅಂತ ಕೇಳಿ, ಅವರು ತಲೆ ಆಡಿಸಿದರೆ ಮುಗಿಯುತ್ತಿತ್ತು.

ರೋಟರಿ_ರಾಯ
ಮೇಡಂ ಹೇಳಿದ್ದು ಸರಿ, ಆದರೆ ಅದು ತಲೆಯ ಕೆಲಸ. ಕೈ ಕೆಲಸದ ಕತೆ ಬೇರೆ. ವಿಡಿಯೋ ನೋಡಿ ರೋಟರಿ ಫೈಲ್ (ಹಲ್ಲಿನ ಬೇರಿನ ಒಳಗಿನ ಕೊಳವೆಯನ್ನು, ಅಂದರೆ ಕೆನಾಲನ್ನು, ತಿರುಗುತ್ತಾ ಕೆರೆಯುವ ಸಣ್ಣ ಸೂಜಿ) ಹಾಕಲು ಕಲಿತೆ ಅನ್ನುವುದು, ಮೆಣಸು ಕೊಯ್ಯುವ ಏಣಿ ಹತ್ತುವುದನ್ನು ಮೊಬೈಲಿನಲ್ಲಿ ನೋಡಿ ಕಲಿತೆ ಅಂದ ಹಾಗೆ. ಫೈಲ್ ಕೆನಾಲಿನಲ್ಲಿ ಸಿಕ್ಕಿಕೊಳ್ಳುವ ಮೊದಲು ಬೆರಳಿಗೆ ಒಂದು ಎಳೆತ ಗೊತ್ತಾಗುತ್ತದೆ. ಆಗ ಹಿಂದೆ ತೆಗೆಯಬೇಕು. ಆ ಎಳೆತವನ್ನು ಯಾವ ಸ್ಕ್ರೀನೂ ಕಳಿಸಲ್ಲ.

ಮೇಲಿನ ಮೊದಲ ದವಡೆ ಹಲ್ಲಿನ ನಾಲ್ಕನೇ ಕೆನಾಲ್, ಅದೇ ಎಂಬಿ2, ಅರ್ಧಕ್ಕಿಂತ ಜಾಸ್ತಿ ಹಲ್ಲುಗಳಲ್ಲಿ ಇರುತ್ತದೆ. ಎಲ್ಲ ವೆಬಿನಾರಲ್ಲೂ ಇದನ್ನು ಹೇಳುತ್ತಾರೆ. ಮೈಕ್ರೋಸ್ಕೋಪಿನ ಕೆಳಗೆ ದೊಡ್ಡದಾಗಿ ತೋರಿಸುತ್ತಾರೆ, ನೋಡಲು ಚೆಂದ. ಬೆಳಿಗ್ಗೆ ನಮ್ಮ ಕ್ಲಿನಿಕ್ಕಿನ ಲೈಟಿನಲ್ಲಿ, ಬಾಯಿ ಎರಡು ಬೆರಳು ಅಗಲ ತೆರೆಯುವ ಅಜ್ಜಿಯಲ್ಲಿ ಅದನ್ನು ಹುಡುಕಿ ನೋಡಿ!

ಗೋಣಿಕೊಪ್ಪ_ಕ್ಲಿನಿಕ್
ರಾಯರೇ, ಹಾಗಾದರೆ ರೂಟ್ ಕೆನಾಲ್ ಕೋರ್ಸು ಆನ್‌ಲೈನಿನಲ್ಲಿ ಮಾಡಲೇಬಾರದಾ?

ರೋಟರಿ_ರಾಯ
ಮಾಡಿ. ಆದರೆ ಕಿತ್ತ ಹಲ್ಲಿನ ಮೇಲೆ ಜೊತೆಗೇ ಅಭ್ಯಾಸ ಮಾಡಿ. ವಿಡಿಯೋ ಒಂದು ಹೆಜ್ಜೆ, ನಿಲ್ಲಿಸಿ, ಕೈಯಲ್ಲಿ ಒಂದು ಹೆಜ್ಜೆ. ಹಲ್ಲನ್ನು ಪ್ಲಾಸ್ಟರಿನಲ್ಲಿ ಬೇರು ಮುಚ್ಚುವ ಹಾಗೆ ಕೂರಿಸಿ, ರಬ್ಬರ್ ಡ್ಯಾಮ್ (ಹಲ್ಲನ್ನು ಬೇರ್ಪಡಿಸುವ ರಬ್ಬರ್ ಹಾಳೆ) ಹಾಕಿಯೇ ಮಾಡಿ. ಮುಗಿದ ಮೇಲೆ ಎರಡು ಕೋನದಿಂದ ಎಕ್ಸ್‌ರೇ ತೆಗೆಯಿರಿ. ಕೊನೆಗೆ ಹಲ್ಲನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ನಿಮ್ಮ ಕೆಲಸದ ಬಂಡವಾಳ ಗೊತ್ತಾಗುತ್ತದೆ.

ಪೆರಿಯೋ_ಮೇಡಂ
ಒಂದು ಎಚ್ಚರಿಕೆ. ಕಿತ್ತ ಹಲ್ಲುಗಳನ್ನು ಹಾಗೇ ಡಬ್ಬಿಯಲ್ಲಿ ಇಟ್ಟುಕೊಂಡು ಬರಿಗೈಯಲ್ಲಿ ಕೂರಬೇಡಿ. ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲಿ. ಬೆಳ್ಳಿ ಬಣ್ಣದ ಫಿಲ್ಲಿಂಗ್, ಅಂದರೆ ಅಮಾಲ್ಗಮ್ ಇರುವ ಹಲ್ಲನ್ನು ಮಾತ್ರ ಆಟೋಕ್ಲೇವ್‌ಗೆ ಹಾಕಲೇಬಾರದು, ಪಾದರಸದ ಆವಿ ಬರುತ್ತದೆ. ಅವನ್ನು ಫಾರ್ಮಲಿನ್‌ನಲ್ಲಿ ಎರಡು ವಾರ ಇಡಬೇಕು.

ಶನಿವಾರಸಂತೆ_ಎಸ್
ಸರ್ಟಿಫಿಕೇಟ್ ಫ್ಯಾಕ್ಟರಿಗಳ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಒಂದು ಕಂಪನಿಯವರು "ಅಂತರರಾಷ್ಟ್ರೀಯ ಫೆಲೋಶಿಪ್" ಅಂತ ದುಡ್ಡು ಕಟ್ಟಿಸಿಕೊಂಡರು. ಲೈವ್ ಅಂದಿದ್ದರು, ಬಂದದ್ದು ಹಳೇ ರೆಕಾರ್ಡಿಂಗ್. ಚಾಟಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರವೇ ಇಲ್ಲ, ಇರುವುದು ಹೇಗೆ, ಆ ಕಡೆ ಮನುಷ್ಯನೇ ಇರಲಿಲ್ಲ. ಕೊನೆಗೆ ಕ್ವಿಜ್. ತಪ್ಪು ಒತ್ತಿದರೆ "ಮತ್ತೆ ಪ್ರಯತ್ನಿಸಿ" ಬರುತ್ತದೆ, ಸರಿ ಆಗುವವರೆಗೆ ಒತ್ತುತ್ತಾ ಇರಬಹುದು. ಸರ್ಟಿಫಿಕೇಟಿನಲ್ಲಿ ಚಿನ್ನದ ಬಣ್ಣದ ಮುದ್ರೆ, ಡೆಂಟಲ್ ಕೌನ್ಸಿಲ್ ಪಾಯಿಂಟ್ ಮಾತ್ರ ಸೊನ್ನೆ.

ಕುಶಾಲನಗರ_ಕೆಜಿ
ಆ ಫೆಲೋಶಿಪ್ ಅಕ್ಷರಗಳನ್ನು ಬೋರ್ಡಿನಲ್ಲಿ ಹೆಸರಿನ ಮುಂದೆ ಹಾಕಬಹುದಾ? ನಮ್ಮ ಕಡೆ ಸುಮಾರು ಬೋರ್ಡಿನಲ್ಲಿ ಇಂಗ್ಲಿಷ್ ವರ್ಣಮಾಲೆ ಪೂರ್ತಿ ಇದೆ.

ಪೆರಿಯೋ_ಮೇಡಂ
ಬೇಡ. ದಂತವೈದ್ಯರ ನೀತಿ ಸಂಹಿತೆ ಅಂತ 2014ರ ನಿಯಮ ಇದೆ, ಮಾನ್ಯತೆ ಇರುವ ಪದವಿ ಮಾತ್ರ ಹಾಕಬೇಕು. ವೆಬಿನಾರ್ ಸರ್ಟಿಫಿಕೇಟು ಫೈಲಿನಲ್ಲಿ ಇರಲಿ.

ವಿರಾಜಪೇಟೆ_ಹಳೇಬ್ಯಾಚ್
ಎಲ್ಲರೂ ಬೆಂಗಳೂರು ಬೆಂಗಳೂರು ಅನ್ನುತ್ತೀರಿ. ವಿರಾಜಪೇಟೆಯಲ್ಲಿ 1999ರಿಂದ ಡೆಂಟಲ್ ಕಾಲೇಜು ಇದೆ ಮಾರಾಯ್ರೇ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿಲ್ಲ. ಗೋಣಿಕೊಪ್ಪದಿಂದ ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಅಲ್ಲಿರುತ್ತೀರಿ. ಕಾಲೇಜುಗಳಲ್ಲಿ ಸಿಡಿಇ ಆಗುತ್ತಿರುತ್ತದೆ, ಯಾವಾಗ ಏನಿದೆ ಅಂತ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ ಕೇಳಿ. ಕೈ ಕೆಲಸದ್ದು ಇದ್ದರೆ ಅಲ್ಲೇ ಮುಗಿಸಿ, ಉಳಿದದ್ದನ್ನು ಮನೆಯಲ್ಲಿ ಮಾಡಿ.

ಗೋಣಿಕೊಪ್ಪ_ಕ್ಲಿನಿಕ್
ಇದು ಹೊಳೆದೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಹೊಳೆದಿತ್ತು. ಹಳೇ ಮೇಷ್ಟ್ರ ಎದುರು ಮತ್ತೆ ಕೂರಬೇಕಲ್ಲ ಅಂತ ಸ್ವಲ್ಪ ಅಳುಕು.

ವಿರಾಜಪೇಟೆ_ಹಳೇಬ್ಯಾಚ್
😂 ಅವರಿಗೆ ನಿಮ್ಮ ಮುಖ ನೆನಪಿದ್ದರೆ ತಾನೇ.

ಮಳೆ_ಮಡಿಕೇರಿ
ಪಾಯಿಂಟ್ಸ್ ಬಗ್ಗೆ ಒಂದು ಮಾತು. ದುಡ್ಡು ಕಟ್ಟುವ ಮೊದಲೇ ಕೌನ್ಸಿಲ್ ಮಾನ್ಯತೆ ಇದೆಯಾ, ಎಷ್ಟು ಪಾಯಿಂಟ್ ಅಂತ ಬರಹದಲ್ಲಿ ಕೇಳಿ. "ಅಪ್ಲೈ ಮಾಡಿದ್ದೇವೆ ಡಾಕ್ಟರ್" ಅಂದರೆ ಇಲ್ಲ ಅಂತಲೇ ತಿಳಿಯಿರಿ. ವಾಟ್ಸಾಪಿನಲ್ಲಿ ಬರುವ ಪಾಯಿಂಟ್ ಲೆಕ್ಕವನ್ನೂ ನಂಬಬೇಡಿ. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ ಅಂತ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಪಾಸಾಗಿದೆ, ಹಳೇದು ಹೊಸದು ಕಲಸಿ ಎಲ್ಲರೂ ಏನೇನೋ ಫಾರ್ವರ್ಡ್ ಮಾಡುತ್ತಿದ್ದಾರೆ. ರಾಜ್ಯ ಕೌನ್ಸಿಲಿಗೆ ನೇರವಾಗಿ ಇಮೇಲ್ ಹಾಕಿ.

ಹೈಜಿನಿಸ್ಟ್_ಅಕ್ಕ
ಎಲ್ಲ ಡಾಕ್ಟರ್‌ಗಳ ಮಾತೇ ಆಯಿತು. ನಾನು ಡೆಂಟಲ್ ಹೈಜಿನಿಸ್ಟ್. ದಂತವೈದ್ಯರ ಕಾಯ್ದೆಯಲ್ಲಿ ನಮ್ಮದೂ ಡೆಂಟಲ್ ಮೆಕ್ಯಾನಿಕ್‌ಗಳದ್ದೂ ರಿಜಿಸ್ಟರ್ ಇದೆ. ನಮಗೆ ಅಂತ ಕನ್ನಡದಲ್ಲಿ ಒಂದು ಕೋರ್ಸ್ ತೋರಿಸಿ ನೋಡೋಣ. ಸ್ಟೆರಿಲೈಸೇಷನ್ ಮಾಡುವವರು ನಾವು, ಟ್ರೇ ಜೋಡಿಸುವವರು ನಾವು, "ಮೂರು ದಿನ ಬಿಸಿ ತಿನ್ನಬೇಡಿ" ಅಂತ ಹೇಳುವವರೂ ನಾವೇ. ವೆಬಿನಾರ್ ಮಾತ್ರ ಪೂರ್ತಿ ಇಂಗ್ಲಿಷಿನಲ್ಲಿ. ಡಾಕ್ಟರ್ ಒಬ್ಬರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುವ ಬದಲು ಸ್ಪೀಕರ್ ಹಾಕಿ, ಕಷ್ಟದ ಕಡೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದರೆ ಕ್ಲಿನಿಕ್ ಪೂರ್ತಿ ಕಲಿಯುತ್ತದೆ.

ಲ್ಯಾಬ್_ಅಣ್ಣ
ಅಕ್ಕ ಹೇಳಿದ್ದಕ್ಕೆ ನನ್ನ ವೋಟು. ನಾನು ಲ್ಯಾಬ್ ನಡೆಸುತ್ತೇನೆ, ಕ್ರೌನ್, ಹಲ್ಲು ಸೆಟ್ ಎಲ್ಲ ಮಾಡುತ್ತೇನೆ. ಡಾಕ್ಟರ್‌ಗಳು ಮೊದಲು ಅಳತೆ ಸರಿ ತೆಗೆಯುವ ಕೋರ್ಸ್ ಮಾಡಲಿ. ಇಂಪ್ಲಾಂಟ್ ಆಮೇಲೆ ನೋಡೋಣ. ಮಾರ್ಜಿನ್, ಅಂದರೆ ಕ್ರೌನಿನ ಅಂಚು ಕೂರುವ ಗೆರೆ, ಕಾಣದ ಇಂಪ್ರೆಶನ್ (ಅಳತೆಯ ಅಚ್ಚು) ಕಳಿಸಿ "ಕ್ರೌನ್ ಕೂರಲಿಲ್ಲ ಅಣ್ಣ" ಅಂದರೆ ನಾನು ಏನು ಮಾಡಲಿ?

ರೋಟರಿ_ರಾಯ
ಯಾರನ್ನು ಕುರಿತು ಹೇಳುತ್ತಿದ್ದೀರಿ ಅಂತ ಗೊತ್ತಾಯಿತು ಅಣ್ಣ, ಹೆಸರು ಬೇಡ 🙏

ತೋಟದ_ಮನೆ
ನಾನು ಡಾಕ್ಟರ್ ಅಲ್ಲ, ಕಾಫಿ ಬೆಳೆಗಾರ. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಗ ಹಾಕಿ ಆಡುತ್ತಾನೆ. ಮೊನ್ನೆ ಅವನ ಜೊತೆಯ ಹುಡುಗನಿಗೆ ಸ್ಟಿಕ್ ತಾಗಿ ಮುಂದಿನ ಹಲ್ಲು ಬುಡ ಸಮೇತ ಕಿತ್ತು ಬಂತು. ಅವರ ಮನೆಯವರು ಹಲ್ಲನ್ನು ಚೆನ್ನಾಗಿ ತಿಕ್ಕಿ ತೊಳೆದು, ಒಣ ಕರ್ಚೀಫಿನಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಡಾಕ್ಟರ್ ಬೇಜಾರು ಮಾಡಿಕೊಂಡರಂತೆ. ಯಾಕೆ? ತೊಳೆದದ್ದು ಒಳ್ಳೆಯದೇ ಅಲ್ವಾ?

ಪೆರಿಯೋ_ಮೇಡಂ
ಇಲ್ಲ ಅಣ್ಣ. ಬೇರಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರ ಇರುತ್ತದೆ, ಅದರ ಜೀವಕೋಶ ಬದುಕಿದ್ದರೆ ಹಲ್ಲು ಮತ್ತೆ ಕೂರುತ್ತದೆ. ತಿಕ್ಕಿದರೆ, ಒಣಗಿದರೆ ಅದು ಸಾಯುತ್ತದೆ. ಹಲ್ಲಿನ ಬಿಳಿ ಭಾಗ ಮಾತ್ರ ಹಿಡಿಯಿರಿ, ಬೇರು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಒಂದು ಸಲ ಅದ್ದಿ, ಸಾಧ್ಯವಾದರೆ ಅಲ್ಲೇ ಅದರ ಗುಣಿಗೆ ಮತ್ತೆ ಕೂರಿಸಿ ಕರ್ಚೀಫ್ ಕಚ್ಚಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿ ಓಡಿ ಬನ್ನಿ. ನೀರಿನಲ್ಲಿ ಹಾಕಿ ಇಡಬೇಡಿ. ಒಂದು ಗಂಟೆ ಒಣಗಿದರೆ ಆ ಕೋಶಗಳ ಆಸೆ ಬಿಟ್ಟ ಹಾಗೆ. ಮತ್ತೆ ನೆನಪಿಡಿ, ಇದು ಶಾಶ್ವತ ಹಲ್ಲಿಗೆ ಮಾತ್ರ. ಹಾಲು ಹಲ್ಲನ್ನು ಮತ್ತೆ ಕೂರಿಸಬಾರದು, ಕೆಳಗೆ ಬರುವ ಹಲ್ಲಿಗೆ ಪೆಟ್ಟಾಗುತ್ತದೆ.

ನೋಡಿ, ಹಲ್ಲಿನ ಪೆಟ್ಟಿನ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿ 2020ರಲ್ಲಿ ಹೊಸದಾಗಿ ಬಂತು, ನಾನು ಅದನ್ನು ತಿಳಿದುಕೊಂಡದ್ದೂ ಆನ್‌ಲೈನ್ ತರಗತಿಯಲ್ಲೇ.

ತೋಟದ_ಮನೆ
ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಇದನ್ನು ಮೈದಾನದಲ್ಲಿ ಬೋರ್ಡ್ ಬರೆದು ಹಾಕಬೇಕು.

ಕುಶಾಲನಗರ_ಕೆಜಿ
ಬೋರ್ಡ್ ಏಕೆ, ಕೊಡವ ಹಾಕಿ ಹಬ್ಬದಲ್ಲಿ ಮೈಕಿನಲ್ಲೇ ಹೇಳಿಸಿ. 1997ರಲ್ಲಿ ಕರಡದಲ್ಲಿ ಶುರುವಾದದ್ದು, ಈಗ ಎಷ್ಟೊಂದು ಕುಟುಂಬಗಳು ಆಡುತ್ತವೆ! ಅಜ್ಜ ಮೊಮ್ಮಗ ಒಂದೇ ಟೀಮಿನಲ್ಲಿ ಇಳಿಯುತ್ತಾರೆ. ಮೌತ್‌ಗಾರ್ಡ್ ಹಾಕಿದವರನ್ನು ಮಾತ್ರ ಬೆರಳಲ್ಲಿ ಎಣಿಸಬಹುದು.

ಮಳೆ_ಮಡಿಕೇರಿ
ಅಜ್ಜನಿಗೆ ಮೌತ್‌ಗಾರ್ಡ್ ಬೇಡ, ಸೆಟ್ ತೆಗೆದು ಜೇಬಿನಲ್ಲಿ ಇಟ್ಟರೆ ಆಯಿತು.

ಲ್ಯಾಬ್_ಅಣ್ಣ
ಜೇಬಿನಲ್ಲಿ ಇಟ್ಟು ಬಿದ್ದು ಮುರಿದದ್ದು ರಿಪೇರಿಗೆ ನನ್ನ ಹತ್ತಿರವೇ ಬಂದಿದೆ.

ಕುಶಾಲನಗರ_ಕೆಜಿ
ಈ ಸಲ ಫೈನಲ್ ನೋಡಲು ಹೋಗಿದ್ದವರು ಯಾರು ಯಾರು? ಆ ಕೊನೆಯ ಪೆನಾಲ್ಟಿ ಕಾರ್ನರ್...

ಮಾಡರೇಟರ್
ಹಾಕಿಗೆ ಬೇರೆ ಚರ್ಚೆ ತೆರೆಯಿರಿ ದಯವಿಟ್ಟು. ಇಲ್ಲಿ ಹಲ್ಲಿನ ವಿಷಯ ಸಾಕಷ್ಟಿದೆ.

ಶನಿವಾರಸಂತೆ_ಎಸ್
ಸರಿ, ಹಲ್ಲಿಗೇ ಬರೋಣ. ನಾನು ಈಚೆಗೆ ಕೇಳಿದ ಅಮೆರಿಕದ ವೆಬಿನಾರಿನಲ್ಲಿ ಎಕ್ಸ್‌ರೇ ತೆಗೆಯುವಾಗ ಲೆಡ್ ಏಪ್ರನ್ ಬೇಡವೇ ಬೇಡ ಅಂದರು. ನಮ್ಮ ಕ್ಲಿನಿಕ್ಕಿನ ಏಪ್ರನ್ ಮಡಚಿ ಮಡಚಿ ಬಿರುಕು ಬಿಟ್ಟಿದೆ, ಹೊಸದು ತರುವ ಖರ್ಚು ಉಳಿಯಿತು.

ರೋಟರಿ_ರಾಯ
ತಡೆಯಿರಿ ತಡೆಯಿರಿ! ಅದು ಅಮೆರಿಕದ ದಂತವೈದ್ಯರ ಸಂಘ ಎಡಿಎ 2024ರಲ್ಲಿ ಹೇಳಿದ್ದು. ಕಾರಣವೂ ಇದೆ: ಡಿಜಿಟಲ್ ಸೆನ್ಸರ್, ಕಿರಣ ಬೇಕಾದಷ್ಟು ಜಾಗಕ್ಕೆ ಮಾತ್ರ ಬೀಳುವ ಹಾಗೆ ಕಾಲಿಮೇಟರ್, ಇದೆಲ್ಲ ಇದ್ದರೆ ಏಪ್ರನ್‌ನಿಂದ ಸಿಗುವ ಲಾಭ ತೀರಾ ಕಡಿಮೆ, ಒಮ್ಮೊಮ್ಮೆ ಅದೇ ಚಿತ್ರಕ್ಕೆ ಅಡ್ಡ ಬರುತ್ತದೆ. ಆದರೆ ನಾವಿರುವುದು ಶನಿವಾರಸಂತೆಯಲ್ಲಿ, ಶಿಕಾಗೋದಲ್ಲಿ ಅಲ್ಲ. ನಮಗೆ ಎಕ್ಸ್‌ರೇ ವಿಷಯದಲ್ಲಿ ದೊಡ್ಡವರು ಎಇಆರ್‌ಬಿ, ಅಣುಶಕ್ತಿ ನಿಯಂತ್ರಣ ಮಂಡಳಿ. ಮೆಷಿನ್ನು ಅವರ ಇ-ಲೋರಾ ಪೋರ್ಟಲಿನಲ್ಲಿ ರಿಜಿಸ್ಟರ್ ಆಗಿರಬೇಕು, ಪರಿಶೀಲನೆಗೆ ಬಂದರೆ ಅವರ ನಿಯಮವೇ ನಡೆಯುವುದು. ವೆಬಿನಾರ್ ಸರ್ಟಿಫಿಕೇಟ್ ತೋರಿಸಿದರೆ ನಗುತ್ತಾರೆ. ಹೊಸ ಏಪ್ರನ್ ತನ್ನಿ, ಮಡಚದೆ ನೇತು ಹಾಕಿ.

ಶನಿವಾರಸಂತೆ_ಎಸ್
ವಿಜ್ಞಾನ ದೇಶಕ್ಕೊಂದು ಇರುತ್ತದಾ ರಾಯರೇ?

ರೋಟರಿ_ರಾಯ
ವಿಜ್ಞಾನ ಒಂದೇ, ಮೆಷಿನ್ನು ಒಂದೇ ಅಲ್ಲ. ನಿಮ್ಮದು ಸೆನ್ಸರೋ ಫಿಲ್ಮೋ?

ಶನಿವಾರಸಂತೆ_ಎಸ್
ಫಿಲ್ಮ್.

ರೋಟರಿ_ರಾಯ
ಮತ್ತೇನು ಮಾತು.

ಪೆರಿಯೋ_ಮೇಡಂ
ಹೊರದೇಶದ ತರಗತಿ ಕೇಳುವಾಗ ಇದೇ ತೊಂದರೆ. ಕೆಲವು ವಿಷಯ ಎಲ್ಲಿಗೂ ಸಲ್ಲುತ್ತದೆ, ಆಂಟಿಬಯಾಟಿಕ್ ಹಾಗೆ. ಎಡಿಎ 2019ರಲ್ಲೇ ಹೇಳಿದೆ, ಆರೋಗ್ಯವಾಗಿರುವ ದೊಡ್ಡವರಲ್ಲಿ ಹಲ್ಲಿನ ನರದ ನೋವಿಗೆ ಆಂಟಿಬಯಾಟಿಕ್ ಬೇಡ, ಹಲ್ಲಿಗೆ ಚಿಕಿತ್ಸೆ ಮಾಡಿ, ನೋವಿಗೆ ನೋವಿನ ಮಾತ್ರೆ ಕೊಡಿ ಅಂತ. ಜ್ವರ ಬಂದರೆ, ಬಾವು ಹರಡುತ್ತಿದ್ದರೆ ಮಾತು ಬೇರೆ. ಇದಕ್ಕೆ ಶಿಕಾಗೋ ಆದರೇನು, ಸಿದ್ದಾಪುರ ಆದರೇನು.

ಕುಶಾಲನಗರ_ಕೆಜಿ
ಮೇಡಂ, ಕೇಳಲು ಚೆಂದ. ಕುಟ್ಟದಿಂದಲೋ ಭಾಗಮಂಡಲದಿಂದಲೋ ಬಸ್ಸು ಹಿಡಿದು ಬಂದ ಪೇಷಂಟ್‌ಗೆ ಬರೀ ನೋವಿನ ಮಾತ್ರೆ ಕೊಟ್ಟು ಕಳಿಸಿ, ರಾತ್ರಿ ಮುಖ ಊದಿದರೆ ಆ ಮಳೆಯಲ್ಲಿ ಅವರು ಎಲ್ಲಿಗೆ ಹೋಗಬೇಕು? ನಾನು ಈಗಲೂ ಕೊಡುತ್ತೇನೆ. ಬೈಯುವವರು ಬೈಯಿರಿ.

ಪೆರಿಯೋ_ಮೇಡಂ
ಬೈಯಲ್ಲ, ಆದರೆ ಒಪ್ಪಲ್ಲ. ಅಷ್ಟು ದೂರದಿಂದ ಬಂದವರಿಗೆ ಅವತ್ತೇ ಹಲ್ಲು ತೆರೆದು ಕಳಿಸಿ. ಮಾತ್ರೆ ಆ ಕೆಲಸದ ಬದಲಿಗೆ ಬಂದಾಗಲೇ ತೊಂದರೆ.

ಕುಶಾಲನಗರ_ಕೆಜಿ
ತೆರೆಯಲು ಹೊತ್ತು ಇದ್ದರೆ ತೆರೆಯುತ್ತೇನೆ. ಐದೂವರೆಗೆ ಕೊನೆ ಬಸ್ಸು ಅಂತ ಐದಕ್ಕೆ ಬರುವವರಿಗೆ? ಇಂಥ ಪ್ರಶ್ನೆ ಯಾವ ವೆಬಿನಾರಲ್ಲೂ ಬರಲ್ಲ ನೋಡಿ. ಎಲ್ಲ ಏಸಿ ರೂಮಿನ ಪೇಷಂಟೇ.

ನಾಪೋಕ್ಲು_ಡಿಎಂ
ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಕೆಜಿ ಹೇಳಿದ ಈ ಮಾತಿಗೆ ಬರೆಯಬೇಕೆನಿಸಿತು.

ಆನ್‌ಲೈನ್ ಕಲಿಕೆ ಅಂದರೆ ಒಬ್ಬರು ಮಾತಾಡುವುದು, ನೂರು ಜನ ಕ್ಯಾಮೆರಾ ಆಫ್ ಮಾಡಿ ಚಪಾತಿ ತಿನ್ನುವುದು ಅಂತ ಆಗಿಬಿಟ್ಟಿದೆ. ಬೇರೆ ದಾರಿಯೂ ಇದೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸಂಜೀವ್ ಅರೋರಾ ಅನ್ನುವ ಲಿವರ್ ಡಾಕ್ಟರ್ ಎಕೋ ಅಂತ ಶುರು ಮಾಡಿದರು. ಹೆಪಟೈಟಿಸ್ ಸಿ ರೋಗಿಗಳು ದೂರದ ಹಳ್ಳಿಗಳಿಂದ ಬಂದು ಅವರಿಗಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಹಳ್ಳಿ ಡಾಕ್ಟರ್‌ಗಳೇ ವಾರಕ್ಕೊಮ್ಮೆ ವಿಡಿಯೋದಲ್ಲಿ ಸೇರಿ ತಮ್ಮ ತಮ್ಮ ಕೇಸ್ ಇಡುತ್ತಿದ್ದರು, ತಜ್ಞರೂ ಉಳಿದವರೂ ಅದರ ಮೇಲೆ ಮಾತಾಡುತ್ತಿದ್ದರು. ಭಾಷಣ ಸ್ವಲ್ಪ, ಕೇಸ್ ಜಾಸ್ತಿ. ನಮ್ಮಲ್ಲೂ ಇದು ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಚಟ ಬಿಡಿಸುವ ಚಿಕಿತ್ಸೆಗೆ ಈ ಮಾದರಿಯಲ್ಲಿ ಕಲಿಸುತ್ತದೆ.

ನಮ್ಮ ಕಡೆ ಇದು ಬೇಕೇ ಬೇಕು. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರ ಬಾಯಿ ನೋಡಿ. ಎಲೆ, ಅಡಿಕೆ, ಹೊಗೆಸೊಪ್ಪು ಕೆನ್ನೆಯಲ್ಲಿ ಇಟ್ಟು ಇಟ್ಟು ಒಳಗೆ ಬೆಳ್ಳಗೆ, ಗಟ್ಟಿಯಾಗಿ ಎಳೆದುಕೊಂಡಿರುತ್ತದೆ. ಬಾಯಿ ತೆರೆಯಲು ಆಗಲ್ಲ, ಖಾರ ತಿನ್ನಲು ಆಗಲ್ಲ. ಅವರು ಬರುವುದು ಮಾತ್ರ ಬೇರೆ ಯಾವುದೋ ಹಲ್ಲು ನೋವಿಗೆ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ತಿಂದರೆ ಏನೂ ಆಗಲ್ಲ ಅನ್ನುವವರು ಈಗಲೂ ಇದ್ದಾರೆ. ಅಡಿಕೆಯೊಂದೇ ಸಾಕು ಕ್ಯಾನ್ಸರಿಗೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿತ್ತು. ಪ್ರತಿ ಪೇಷಂಟಿಗೂ ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ ಅಂತ ಸ್ಕೇಲ್ ಇಟ್ಟು ಬರೆದಿಡಲು ಒಂದು ನಿಮಿಷ ಸಾಕು. ಮುಂದಿನ ಸಲ ಬಂದಾಗ ಕಡಿಮೆಯಾಗಿದ್ದರೆ ಅವರಿಗೇ ತೋರಿಸಬಹುದು. ಉಪದೇಶಕ್ಕಿಂತ ಆ ನಂಬರ್ ಜಾಸ್ತಿ ಕೆಲಸ ಮಾಡುತ್ತದೆ.

ಹೈಜಿನಿಸ್ಟ್_ಅಕ್ಕ
ಅಳತೆ ತೆಗೆಯುವ ಕೆಲಸ ನಾವೇ ಮಾಡುತ್ತೇವೆ ಡಾಕ್ಟ್ರೇ, ಕಾರ್ಡಿನಲ್ಲಿ ಒಂದು ಗೆರೆ ಜಾಸ್ತಿ ಹಾಕಿಸಿ. ಹೊಗೆಸೊಪ್ಪು ಬಿಡಬೇಕು ಅನ್ನುವವರಿಗೆ ನಾನು 1800 112 356 ಬರೆದು ಕೊಡುತ್ತೇನೆ, ಸರಕಾರದ್ದು, ಫೋನ್ ಖರ್ಚಿಲ್ಲ.

ತೋಟದ_ಮನೆ
ನಮ್ಮ ಲೈನ್ ಮನೆಯಲ್ಲೂ ಅಸ್ಸಾಮಿನವರು ಇದ್ದಾರೆ, ಅವರದ್ದೂ ಅಡಿಕೆ ಅಭ್ಯಾಸವೇ. ಯಾರಾದರೂ ಬಂದು ಬಾಯಿ ನೋಡುವುದಾದರೆ ತೋಟದ ಗೋದಾಮಿನಲ್ಲಿ ಜಾಗ ಮಾಡಿಕೊಡುತ್ತೇನೆ. ಕೊಯ್ಲು ಮುಗಿದ ಮೇಲೆ ಬನ್ನಿ.

ಗೋಣಿಕೊಪ್ಪ_ಕ್ಲಿನಿಕ್
ಪಾಯಿಂಟ್ಸ್ ಕೇಳಲು ಬಂದೆ, ಈಗ ಕ್ಯಾಂಪ್ ಮಾಡುವವರೆಗೆ ಬಂತು. ಖುಷಿಯೇ. ನಾಪೋಕ್ಲು ಸರ್, ನೀವು ಹೇಳಿದ ಹಾಗೆ ಕೇಸ್ ಚರ್ಚೆ ನಾವೇ ಮಾಡಿದರೆ ಹೇಗೆ? ಪಾಯಿಂಟ್ ಸಿಗದಿದ್ದರೆ ಬೇಡ. ವಾರಕ್ಕೊಂದು ರಾತ್ರಿ, ಒಬ್ಬರು ಒಂದು ಕೇಸ್.

ನಾಪೋಕ್ಲು_ಡಿಎಂ
ನಾನು ರೆಡಿ. ಮೊದಲ ಕೇಸ್ ಕೆಜಿಯದ್ದು, ಐದು ಗಂಟೆಗೆ ಬಂದು ಐದೂವರೆ ಬಸ್ಸಿಗೆ ಹೋಗಬೇಕಾದ ಪೇಷಂಟ್.

ಕುಶಾಲನಗರ_ಕೆಜಿ
ಆಯಿತು, ಎಕ್ಸ್‌ರೇ ಸಮೇತ ತರುತ್ತೇನೆ. ಮೇಡಂ ಇದ್ದರೆ ಮಾತ್ರ, ಜಗಳಕ್ಕೆ ಜನ ಬೇಕಲ್ಲ.

ಪೆರಿಯೋ_ಮೇಡಂ
ಬರುತ್ತೇನೆ. ಫೋಟೋ, ಎಕ್ಸ್‌ರೇ ಹಾಕುವಾಗ ಪೇಷಂಟ್ ಹೆಸರು, ಮುಖ ಮುಚ್ಚಿ. ಅವರನ್ನು ಕೇಳದೆ ಹಾಕಬೇಡಿ. ರೆಕಾರ್ಡಿಂಗ್ ಬೇಡ, ಇಲ್ಲದಿದ್ದರೆ ಯಾರೂ ಮನಸ್ಸು ಬಿಚ್ಚಿ ಮಾತಾಡಲ್ಲ.

ಹೈಜಿನಿಸ್ಟ್_ಅಕ್ಕ
ಕನ್ನಡದಲ್ಲೇ ತಾನೇ?

ನಾಪೋಕ್ಲು_ಡಿಎಂ
ಕನ್ನಡದಲ್ಲೇ ಅಕ್ಕ.

ಮಳೆ_ಮಡಿಕೇರಿ
ಶುಕ್ರವಾರ ಬೇಡ, ಮಡಿಕೇರಿ ಸಂತೆ, ಕ್ಲಿನಿಕ್ ಮುಗಿಯುವಾಗ ತಡವಾಗುತ್ತದೆ. ಬುಧವಾರ ರಾತ್ರಿ ಒಂಬತ್ತು ಆಗಬಹುದಾ? ಕರೆಂಟ್ ಹೋದರೆ ಫೋನಿನಲ್ಲೇ ಸೇರಿಕೊಳ್ಳುತ್ತೇನೆ, ನನ್ನ ವಿಡಿಯೋ ಕೇಳಬೇಡಿ.

ಗೋಣಿಕೊಪ್ಪ_ಕ್ಲಿನಿಕ್
ಬುಧವಾರ ಒಂಬತ್ತಕ್ಕೆ. ಲಿಂಕ್ ಮಧ್ಯಾಹ್ನ ಇಲ್ಲೇ ಹಾಕುತ್ತೇನೆ. ಲ್ಯಾಬ್ ಅಣ್ಣ, ಎರಡನೇ ವಾರ ಇಂಪ್ರೆಶನ್ ಬಗ್ಗೆ ನೀವೇ ಮಾತಾಡಬೇಕು.

ಲ್ಯಾಬ್_ಅಣ್ಣ
ಮಾತಾಡುತ್ತೇನೆ. ಕೆಟ್ಟ ಇಂಪ್ರೆಶನ್ ಸ್ಟಾಕ್ ನನ್ನ ಹತ್ತಿರ ಬೇಕಾದಷ್ಟಿದೆ, ಡಾಕ್ಟರ್ ಹೆಸರು ಮುಚ್ಚಿ ತೋರಿಸುತ್ತೇನೆ 😄